ಮದುವೆಗೆ ಬಣ್ಣದ ಲೆನ್ಸ್ ಹಾಕ್ಕೋತೀರಾ? ಕೊಳ್ಳುವುದರಿಂದ ಬಿಸಾಡುವವರೆಗೆ

ಹೋದ ವರ್ಷ ನಮ್ಮ ಕಾಕಾನ ಮಗಳ ಮದುವೆ ಗೊತ್ತಾಯಿತು. ಅವರದು ಜಮಖಂಡಿ. ಜವಳಿ ತರಲು ಮನೆ ಮಂದಿಯೆಲ್ಲ ಬೆಳಗಾವಿಗೆ ಹೋಗಿದ್ದೆವು. ಖಡೇಬಜಾರ್, ಗಣಪತ ಗಲ್ಲಿ ಸುತ್ತಿ ಸುತ್ತಿ ಕಾಲು ಸೋತು, ಕೊನೆಗೆ ಬಳೆ ತಗೊಳ್ಳೋಣ ಅಂತ ಒಂದು ಫ್ಯಾನ್ಸಿ ಅಂಗಡಿ ಹೊಕ್ಕೆವು. ಟಿಕಳಿ, ಕ್ಲಿಪ್ಪು, ನೇಲ್ ಪಾಲಿಶ್ ನಡುವೆ ಪುಟ್ಟ ಪುಟ್ಟ ಗಾಜಿನ ಬಾಟಲಿ. ಒಳಗೆ ನೀರಲ್ಲಿ ತೇಲುವ ಲೆನ್ಸ್. ಬೂದು, ಹಸಿರು, ಜೇನು ಬಣ್ಣ.

"ಅಕ್ಕಾ, ಈ ಜೇನ ಬಣ್ಣದ್ದ ನೋಡ, ಸೀರಿಗೆ ಎಷ್ಟ ಮ್ಯಾಚ್ ಆಗ್ತೈತಿ!" ಅಂದಳು ಮದುಮಗಳು, ನಮ್ಮ ತಂಗಿ.

ಅಂಗಡಿಯವರು ತಡ ಮಾಡಲಿಲ್ಲ. "ತಗೋರಿ ಅಕ್ಕಾರ, ಜೀರೋ ಪವರ್ ಐತಿ. ಯಾರ ಬೇಕಾದ್ರೂ ಹಾಕ್ಕೋಬಹುದು."

ತಮಾಷೆ ಏನಂದರೆ, ಅದೇ ಅಂಗಡಿಯವರು ಬಳೆ ಕೊಡುವಾಗ ಅವಳ ಕೈ ಹಿಡಿದು ಎರಡು-ನಾಲ್ಕಾ, ಎರಡು-ಆರಾ ಅಂತ ಮೂರು ಸಲ ನೋಡಿದ್ದರು. ಬಳೆಗೆ ಅಳತೆ ಬೇಕು. ಕಣ್ಣಿಗೆ ಬೇಡ!

ನಾನು ಕಣ್ಣಿನ ಡಾಕ್ಟರ್ ಅಲ್ಲ. ಬಾಗಲಕೋಟೆಯಲ್ಲಿ ಇರುತ್ತೇನೆ, ಹನ್ನೊಂದು ವರ್ಷದಿಂದ ಲೆನ್ಸ್ ಹಾಕುತ್ತೇನೆ, ಹಾಕಬಾರದ ರೀತಿಯಲ್ಲೆಲ್ಲ ಹಾಕಿ ಒದ್ದಾಡಿದ್ದೂ ಆಗಿದೆ. ತಂಗಿಗೆ ಆವತ್ತು ಅಂಗಡಿಯಲ್ಲಿ ಹೇಳಿದ್ದು, ಆಮೇಲೆ ಮದುವೆ ಮುಗಿಯುವ ತನಕ ದಿನಾ ತಲೆ ತಿಂದಿದ್ದು, ಎಲ್ಲ ಇಲ್ಲಿ ಬರೆಯುತ್ತಿದ್ದೇನೆ. ಹಾಕಲೇಬೇಡಿ ಅಂತ ಹೇಳಲ್ಲ. ಅವಳೂ ಹಾಕಿಕೊಂಡಳು. ಆದರೆ ಆ ಬಾಟಲಿಯದ್ದಲ್ಲ.

ಜೀರೋ ಪವರ್ ಅಂದರೆ ಏನು, ಏನಲ್ಲ

ನಮ್ಮ ಕರಿಗುಡ್ಡೆಯ ಮೇಲೆ ವಾಚಿನ ಗಾಜಿನ ಹಾಗೆ ಒಂದು ಪಾರದರ್ಶಕ ಪದರ ಇದೆ. ಅದೇ ಕಾರ್ನಿಯಾ. ಅದರಲ್ಲಿ ರಕ್ತನಾಳ ಇಲ್ಲ. ಇದ್ದಿದ್ದರೆ ನಮಗೆಲ್ಲ ಮಸುಕಾಗಿ ಕಾಣುತ್ತಿತ್ತು. ರಕ್ತ ಬರದ ಮೇಲೆ ಆಮ್ಲಜನಕ ಎಲ್ಲಿಂದ? ಬಹುಪಾಲು ಹೊರಗಿನ ಗಾಳಿಯಿಂದ, ಕಣ್ಣೀರಿನ ತೆಳು ಪದರದ ಮೂಲಕ. ಯಾವ ಲೆನ್ಸ್ ಹಾಕಿದರೂ ಆ ದಾರಿಗೆ ಅಷ್ಟೋ ಇಷ್ಟೋ ಅಡ್ಡ ಬರುತ್ತದೆ. ಒಳ್ಳೆ ಲೆನ್ಸ್ ಗಾಳಿಯನ್ನು ಸಾಕಷ್ಟು ಒಳಗೆ ಬಿಡುತ್ತದೆ. ಕಳಪೆ ಲೆನ್ಸ್ ದಪ್ಪ ಇರುತ್ತದೆ, ಮೇಲೆ ಬಣ್ಣ ಬೇರೆ, ಹೀಗಾಗಿ ಕಾರ್ನಿಯಾ ಉಸಿರು ಕಟ್ಟಿದ ಹಾಗೆ ಆಗಿ ಊದಿಕೊಳ್ಳುತ್ತದೆ. ಪವರ್ ಜೀರೋ ಇರಲಿ, ಮೈನಸ್ ಐದು ಇರಲಿ, ಇದರಲ್ಲಿ ವ್ಯತ್ಯಾಸ ಇಲ್ಲ. ಜೀರೋ ಅನ್ನುವುದು ನೋಟದ ನಂಬರ್ ಅಷ್ಟೇ.

ಇನ್ನು ಅಳತೆ. ಲೆನ್ಸ್ ಡಬ್ಬಿ ಮೇಲೆ ಬೇಸ್ ಕರ್ವ್ 8.6, ಡಯಾಮೀಟರ್ 14.2 ಅಂತೆಲ್ಲ ಬರೆದಿರುತ್ತದೆ. ಎರಡೂ ಮಿಲಿಮೀಟರ್ ಲೆಕ್ಕ. ಮೊದಲನೆಯದು ಲೆನ್ಸ್ ಎಷ್ಟು ಬಾಗಿದೆ ಅನ್ನುವುದು, ಎರಡನೆಯದು ಅಗಲ. ಒಬ್ಬೊಬ್ಬರ ಕಣ್ಣಿನ ಬಾಗು ಒಂದೊಂದು ಥರ. ಬಿಗಿ ಆದರೆ ಲೆನ್ಸ್ ಕಣ್ಣಿಗೆ ಕಚ್ಚಿ ಕೂರುತ್ತದೆ, ಅಡಿಯಲ್ಲಿ ಕಣ್ಣೀರು ಓಡಾಡುವುದಿಲ್ಲ, ತೆಗೆದಾಗ ಬಿಳಿ ಭಾಗದ ಮೇಲೆ ಉಂಗುರದ ಗುರುತು ಬಿದ್ದಿರುತ್ತದೆ. ಸಡಿಲ ಆದರೆ ರೆಪ್ಪೆ ಬಡಿದಾಗೆಲ್ಲ ಜಾರುತ್ತದೆ. ಬಣ್ಣದ ಲೆನ್ಸ್‌ನಲ್ಲಿ ಈ ಜಾರುವುದು ಇನ್ನೂ ಕಿರಿಕಿರಿ, ಯಾಕೆಂದರೆ ನಡುವೆ ಮಾತ್ರ ಬಣ್ಣವಿಲ್ಲದ ಕಿಂಡಿ ಇರುತ್ತದೆ. ಅದು ಪಕ್ಕಕ್ಕೆ ಸರಿದರೆ ಬಣ್ಣವೇ ಕಣ್ಣಿಗೆ ಅಡ್ಡ.

ರಾತ್ರಿ ಇನ್ನೊಂದು ತಾಪತ್ರಯ. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲ ಆಗುತ್ತದೆ, ಲೆನ್ಸ್‌ನ ಕಿಂಡಿ ಮಾತ್ರ ಅಷ್ಟೇ ಇರುತ್ತದೆ. ಎದುರಿನ ಗಾಡಿ ಲೈಟಿನ ಸುತ್ತ ಬಳೆ ಬಳೆ ಕಾಣುತ್ತದೆ. ಬಣ್ಣದ ಲೆನ್ಸ್ ಹಾಕಿ ರಾತ್ರಿ ಸ್ಕೂಟಿ ಓಡಿಸಬೇಡಿ. ಅದೂ ಕಬ್ಬಿನ ಸೀಸನ್‌ನಲ್ಲಿ, ಮುಧೋಳ-ಜಮಖಂಡಿ ರೋಡಿನಲ್ಲಿ, ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್‌ಗಳ ನಡುವೆ? ಬೇಡವೇ ಬೇಡ.

ಬಣ್ಣ ಎಲ್ಲಿ ಇರುತ್ತದೆ ಅನ್ನುವುದೂ ಮುಖ್ಯ. ಒಳ್ಳೆ ಲೆನ್ಸ್‌ನಲ್ಲಿ ಬಣ್ಣ ಎರಡು ಪದರದ ನಡುವೆ, ಹೂರಣದ ಹಾಗೆ ಒಳಗೆ ಇರುತ್ತದೆ. ಅಗ್ಗದ್ದರಲ್ಲಿ ಮೇಲ್ಮೈಗೇ ಛಾಪಿಸಿರುತ್ತಾರೆ. ಆ ಮೇಲ್ಮೈ ಒರಟು, ಒರಟು ಜಾಗದಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಅಂಟುತ್ತದೆ. ಕೆಲವರು ಕಿವಿ ಕಡ್ಡಿಯಿಂದ ಉಜ್ಜಿ, ಬಣ್ಣ ಬಂದಿಲ್ಲ ಅಂದರೆ ಒಳ್ಳೇದು ಅಂದುಕೊಳ್ಳುತ್ತಾರೆ. ಬಣ್ಣ ಬಂದರೆ ಕೆಟ್ಟದ್ದು ಅಂತ ಖಾತ್ರಿ. ಬರದಿದ್ದರೆ ಒಳ್ಳೇದು ಅಂತ ಖಾತ್ರಿ ಇಲ್ಲ.

ಕೊಳ್ಳುವುದು

ಅಮೆರಿಕದಲ್ಲಿ 2005ರಿಂದ ಬರೀ ಅಂದಕ್ಕೆ ಹಾಕುವ ಲೆನ್ಸ್‌ಗೂ ಡಾಕ್ಟರ್ ಚೀಟಿ ಕಡ್ಡಾಯ. ನಮ್ಮಲ್ಲೂ ಲೆನ್ಸ್ ಅನ್ನುವುದು ವೈದ್ಯಕೀಯ ಸಾಧನವೇ, 2017ರ ವೈದ್ಯಕೀಯ ಸಾಧನಗಳ ನಿಯಮದ ಅಡಿಯಲ್ಲಿ ಬರುತ್ತದೆ. ಆದರೂ ಟಿಕಳಿ ಪಕ್ಕದಲ್ಲಿ ಮಾರುವುದು ನಿಂತಿಲ್ಲ. ಹಾಗಾಗಿ ನೋಡಿ ಕೊಳ್ಳುವ ಕೆಲಸ ನಿಮ್ಮದೇ.

ಮೊದಲು ಕಣ್ಣು ತೋರಿಸಿ. ಮದುವೆಗೆ ಕನಿಷ್ಠ ಒಂದು ತಿಂಗಳು ಮುಂಚೆ, ಹಿಂದಿನ ವಾರ ಅಲ್ಲ. ಗದ್ದ ಊರಿಸಿ ಕೂರಿಸಿ, ಬೆಳಕಿನ ಗೀಟು ಬಿಟ್ಟು ದೊಡ್ಡದಾಗಿ ನೋಡುವ ಮಷೀನ್ ಇರುತ್ತದಲ್ಲ, ಅದರಲ್ಲಿ ನೋಡಬೇಕು. ಲೆನ್ಸ್ ಹಾಕಿಸಿ ಸ್ವಲ್ಪ ಹೊತ್ತು ಕೂರಿಸಿ, ರೆಪ್ಪೆ ಬಡಿದಾಗ ಅದು ಸರಿಯಾಗಿ ಅಲುಗಾಡುತ್ತದಾ ನೋಡಬೇಕು. ಬರೀ ಕನ್ನಡಕದ ನಂಬರ್ ನೋಡಿ ಲೆನ್ಸ್ ಕೊಡುವವರು ಅರ್ಧ ಕೆಲಸ ಬಿಟ್ಟ ಹಾಗೆ. ನಂಬರ್ ಮೈನಸ್ ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಕನ್ನಡಕದ ನಂಬರೂ ಲೆನ್ಸ್ ನಂಬರೂ ಒಂದೇ ಇರುವುದಿಲ್ಲ, ಇದು ಎಷ್ಟೋ ಮಂದಿಗೆ ಗೊತ್ತಿಲ್ಲ.

ಹೋದಾಗ ಎಲ್ಲ ಬಾಯಿ ಬಿಟ್ಟು ಹೇಳಿ. ಕಣ್ಣು ತುರಿಸುತ್ತದಾ, ಒಣಗಿದ ಹಾಗೆ ಆಗುತ್ತದಾ, ಶುಗರ್ ಇದೆಯಾ. ಮೊಡವೆಗೆ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ. ಮದುಮಗಳು ಅಂದಮೇಲೆ ಮುಖ ತಿಳಿ ಆಗಲಿ ಅಂತ ಆರು ತಿಂಗಳು ಮುಂಚೆಯೇ ಚರ್ಮದ ಡಾಕ್ಟರ್ ಹತ್ತಿರ ಹೋಗಿರುತ್ತಾರೆ, ಅಲ್ವಾ? ಅಲ್ಲಿ ಕೊಡುವ ಐಸೊಟ್ರೆಟಿನಾಯಿನ್ ಕಣ್ಣನ್ನೂ ಒಣಗಿಸುತ್ತದೆ. ನಮ್ಮ ತಂಗಿದೂ ಅದೇ ಕಥೆ. ಅವಳಿಗೆ ಡಾಕ್ಟರ್ ಒಂದು ದಿನದ ಲೆನ್ಸ್ ಮಾತ್ರ, ಅದೂ ನಾಲ್ಕು ತಾಸು ಮಾತ್ರ ಅಂದರು. ಮುಖ ಊದಿಸಿದಳು, ಆದರೆ ಒಪ್ಪಿದಳು.

ಒಂದು ದಿನದ್ದು ಅಂದರೆ ಹಾಕಿ, ರಾತ್ರಿ ತೆಗೆದು ಬಿಸಾಡುವುದು. ತಿಂಗಳದ್ದು, ವರ್ಷದ್ದೂ ಸಿಗುತ್ತವೆ. ಮದುವೆ, ರಿಸೆಪ್ಷನ್ ಅಂತ ಎರಡು ಸಲ ಹಾಕುವವರಿಗೆ ಒಂದು ದಿನದ್ದೇ ಸರಿ. ತೊಳೆಯುವ, ನೆನೆಸಿಡುವ ರಗಳೆಯೇ ಇಲ್ಲ. ಜೋಡಿ ಲೆಕ್ಕ ಹಾಕಿದರೆ ದುಬಾರಿ ಅನ್ನಿಸುತ್ತದೆ, ನಿಜ. ಆದರೆ ಬ್ಲೌಸ್ ಹೊಲಿಸಲು ಎಷ್ಟು ಕೊಟ್ಟಿದ್ದೀರಿ ಅಂತ ನೆನಪಿಸಿಕೊಳ್ಳಿ.

ಡಬ್ಬಿಯಲ್ಲಿ ನೋಡಬೇಕಾದ್ದು: ಬೇಸ್ ಕರ್ವ್, ಡಯಾಮೀಟರ್, ಪವರ್, ಬ್ಯಾಚ್ ನಂಬರ್, ಎಕ್ಸ್‌ಪೈರಿ. ಹೊರದೇಶದ್ದಾದರೆ ಇಲ್ಲಿಗೆ ತರಿಸಿದವರ ಹೆಸರು, ವಿಳಾಸ, ಲೈಸೆನ್ಸ್ ನಂಬರ್. ಇದ್ಯಾವುದೂ ಇಲ್ಲದೆ ಬರೀ ಹುಡುಗಿಯ ಕಣ್ಣಿನ ಫೋಟೊ ಇದ್ದರೆ ಅಲ್ಲೇ ಇಟ್ಟು ಬನ್ನಿ.

ಪಾರ್ಲರ್‌ನವರ ಲೆನ್ಸ್

ಇದನ್ನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಮದುಮಗಳ ಮೇಕಪ್ ಪ್ಯಾಕೇಜ್‌ನಲ್ಲಿ "ಲೆನ್ಸ್ ಫ್ರೀ" ಅಂತ ಇದ್ದರೆ, ಆ ಲೆನ್ಸ್ ಹೊಸದಾ ಅಂತ ಕೇಳಿ. ಸೀಲ್ ಇರುವ ಡಬ್ಬಿಯನ್ನು ನಿಮ್ಮ ಮುಂದೆ ಒಡೆಯುತ್ತಾರಾ ಅಂತ ನೋಡಿ. ಹಾಗಿದ್ದರೂ ಅದು ನಿಮ್ಮ ಕಣ್ಣಿನ ಅಳತೆಯದ್ದಲ್ಲ. ಹೋದ ಮುಹೂರ್ತದ ಮದುಮಗಳು ಹಾಕಿದ್ದನ್ನೇ ತೊಳೆದು ನಿಮಗೆ ಹಾಕಿದರೆ, ಅವಳ ಕಣ್ಣಿನ ಸೋಂಕೂ ಉಡುಗೊರೆಯಾಗಿ ಬರುತ್ತದೆ. ಅಕ್ಕ-ತಂಗಿಯರ ನಡುವೆಯೂ ಲೆನ್ಸ್ ಹಂಚಿಕೊಳ್ಳುವ ಹಾಗಿಲ್ಲ. ಸೀರೆ ಹಂಚಿಕೊಳ್ಳಿ, ಸರ ಹಂಚಿಕೊಳ್ಳಿ. ಲೆನ್ಸ್ ಬೇಡ.

ಹಾಕುವುದು, ಮತ್ತೆ ನನ್ನ ರಂಜಕದ ಕಥೆ

ಒಂದು ಭಾನುವಾರ ಮಧ್ಯಾಹ್ನ ಅವ್ವನ ಜೊತೆ ಕೂತು ಹಸಿ ಕೆಂಪು ಮೆಣಸಿನಕಾಯಿ ರಂಜಕ ಕಲಸಿದ್ದೆ. ಕೈ ತೊಳೆದೆ, ಊಟ ಮಾಡಿದೆ, ಒಂದು ನಿದ್ದೆನೂ ಆಯಿತು. ಸಂಜೆ ಎಲ್ಲೋ ಹೋಗುವುದಿತ್ತು. ಇನ್ನೊಂದು ಸಲ ನೀರಲ್ಲಿ ಕೈ ತೊಳೆದು ಬಲಗಣ್ಣಿಗೆ ಲೆನ್ಸ್ ಇಟ್ಟೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕಣ್ಣೊಳಗೆ ಒಗ್ಗರಣೆ ಹಾಕಿದ ಹಾಗೆ! ಕಣ್ಣು ಬಿಡಲೂ ಆಗದು, ಬಿಡದೆ ಲೆನ್ಸ್ ತೆಗೆಯಲೂ ಆಗದು, ತೆಗೆಯಬೇಕಾದ ಬೆರಳಿನಲ್ಲೂ ಅದೇ ಖಾರ. ಅವ್ವನೇ ಸೋಪಿನಿಂದ ನನ್ನ ಕೈ ತಿಕ್ಕಿ ತಿಕ್ಕಿ ತೊಳೆಸಿ, ಹೇಗೋ ತೆಗೆದದ್ದಾಯಿತು. ಖಾರದ ಉರಿ ಬರೀ ನೀರಿಗೆ ಹೋಗುವುದಿಲ್ಲ, ಅದು ಎಣ್ಣೆಯಲ್ಲಿ ಕರಗುವ ವಸ್ತು. ಆ ಲೆನ್ಸ್ ತೊಳೆದು ಮತ್ತೆ ಹಾಕುವ ಆಸೆಯನ್ನೂ ಬಿಡಬೇಕು, ಅದರಲ್ಲಿ ಖಾರ ಕೂತಿರುತ್ತದೆ.

ಹಾಗಾಗಿ ಖಾರ ಮುಟ್ಟಿದ ದಿನ ಲೆನ್ಸ್ ಇಲ್ಲ. ಬೇರೆ ದಿನ, ಕೈಯನ್ನು ಸೋಪಿನಿಂದ ಬೆರಳ ಸಂದಿ, ಉಗುರು ಬುಡ ಎಲ್ಲ ತೊಳೆದು, ಪೂರ್ತಿ ಒಣಗಿಸಿ. ಸೆರಗಿಗೆ ಒರೆಸಬೇಡಿ, ನೂಲು ಬಿಡದ ಶುಭ್ರ ಬಟ್ಟೆ ಬೇಕು. ಮುಂದೆ ಒಂದು ತೊಳೆದು ಒಣಗಿಸಿದ ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ, ಬಿದ್ದರೆ ಹುಡುಕಬಹುದು. ಬೇಸಿನ್ ಮುಂದೆ ನಿಂತರೆ ತೂತಿಗೇ ಹೋಗುತ್ತದೆ. ದಿನಾ ಒಂದೇ ಕಣ್ಣಿನಿಂದ ಶುರು ಮಾಡಿ, ಎಡ-ಬಲ ಅದಲುಬದಲು ಆಗುವುದಿಲ್ಲ.

ಲೆನ್ಸ್ ತೋರುಬೆರಳ ತುದಿಯಲ್ಲಿ ಕೂರಿಸಿ ಬೆಳಕಿಗೆ ಹಿಡಿಯಿರಿ. ಬಟ್ಟಲಿನ ಹಾಗೆ ನೆಟ್ಟಗೆ ನಿಂತಿದ್ದರೆ ಸರಿ. ಅಂಚು ತಟ್ಟೆಯ ಹಾಗೆ ಹೊರಗೆ ಬಾಗಿದ್ದರೆ ಒಳಮಗ್ಗಲು ಹೊರಗಾಗಿದೆ. ಅಂಚು ಹರಿದಿದ್ದರೆ ಬಿಸಾಡಿ, "ಸ್ವಲ್ಪೇ ಅಲ್ವಾ" ಅನ್ನಬೇಡಿ. ಇನ್ನೊಂದು ಕೈಯಿಂದ ಮೇಲಿನ ರೆಪ್ಪೆಯನ್ನು ರೋಮದ ಬುಡದಲ್ಲಿ ಹಿಡಿದು ಎತ್ತಿ, ಲೆನ್ಸ್ ಇರುವ ಕೈಯ ನಡುಬೆರಳಿನಿಂದ ಕೆಳರೆಪ್ಪೆ ಎಳೆಯಿರಿ. ಕನ್ನಡಿಯಲ್ಲಿ ಎದುರಿಗೆ ನೋಡುತ್ತಾ ಮೆಲ್ಲಗೆ ಇಡಿ, ಕೆಳಗೆ ನೋಡಿ, ರೆಪ್ಪೆ ನಿಧಾನಕ್ಕೆ ಬಿಡಿ. ಚುಚ್ಚಿದರೆ ತೆಗೆದು, ಲೆನ್ಸ್ ತೊಳೆಯಲು ಅಂತಲೇ ಬರುವ ಸೊಲ್ಯೂಷನ್‌ನಲ್ಲಿ ಜಾಲಿಸಿ ಮತ್ತೆ ಹಾಕಿ. ಆಗಲೂ ಚುಚ್ಚಿದರೆ ಆವತ್ತು ಬಿಟ್ಟುಬಿಡಿ.

ತೆಗೆಯುವಾಗ ಮೇಲೆ ನೋಡಿ, ಲೆನ್ಸನ್ನು ಬೆರಳಿನಿಂದ ಕೆಳಗೆ ಬಿಳಿ ಭಾಗಕ್ಕೆ ಸರಿಸಿ, ಬೆರಳಿನ ಮೆತ್ತನೆ ಭಾಗದಿಂದ ಚಿವುಟಿ. ಉಗುರು ತಾಗಬಾರದು. ಒಣಗಿ ಅಂಟಿದ್ದರೆ ಎಳೆಯಬೇಡಿ. ಲೆನ್ಸ್ ಮೇಲೆಯೇ ಹಾಕಬಹುದಾದ ತೇವದ ಡ್ರಾಪ್ಸ್ ಬರುತ್ತವೆ, ಎರಡು ಹನಿ ಹಾಕಿ, ಹತ್ತು ನಿಮಿಷ ಕಾಯಿರಿ. ಲೆನ್ಸ್ ಕಣ್ಣಿನ ಹಿಂದೆ ಹೋಗಿಬಿಡುತ್ತದೆ ಅನ್ನುವುದು ಸುಳ್ಳು. ರೆಪ್ಪೆಯ ಒಳಚರ್ಮ ಕಣ್ಣುಗುಡ್ಡೆಗೆ ಕೂಡಿಕೊಂಡಿದೆ, ಆಚೆಗೆ ದಾರಿಯೇ ಇಲ್ಲ. ಮಡಚಿ ಮೇಲಿನ ರೆಪ್ಪೆ ಅಡಿ ಕೂರಬಹುದು, ಅಷ್ಟೇ. ಒಲೆ ಮುಂದೆ ನಿಂತರೆ ಲೆನ್ಸ್ ಕರಗಿ ಕಣ್ಣಿಗೆ ಅಂಟುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ, ಅದೂ ಸುಳ್ಳು.

ನೀರು, ನೀರು, ನೀರು

ಲೆನ್ಸ್‌ಗೆ ನೀರು ತಾಗಬಾರದು. ನಲ್ಲಿ ನೀರು, ಬೋರ್ ನೀರು, ಫಿಲ್ಟರ್ ನೀರು, ಕಾಯಿಸಿ ಆರಿಸಿದ ನೀರು, ಯಾವುದೂ. ನೀರಿನಲ್ಲಿ ಮತ್ತು ಮಣ್ಣಿನಲ್ಲಿ ಅಕಾಂತಮೀಬಾ ಅಂತ ಒಂದು ಅಮೀಬಾ ಇರುತ್ತದೆ. ಕುಡಿದರೆ ಏನೂ ಆಗುವುದಿಲ್ಲ. ಲೆನ್ಸ್ ಜೊತೆ ಕಣ್ಣಿಗೆ ಹೋದರೆ ಮಾತ್ರ ಕಾರ್ನಿಯಾ ತಿನ್ನುತ್ತದೆ, ಗಟ್ಟಿ ಚಿಪ್ಪು ಕಟ್ಟಿಕೊಂಡು ಔಷಧಿಗೂ ಜಗ್ಗದೆ ಕೂರುತ್ತದೆ. ಚಿಕಿತ್ಸೆ ತಿಂಗಳುಗಟ್ಟಲೆ. ಹಾಗಾಗಿ ಸ್ನಾನ, ಈಜು, ಕೂಡಲಸಂಗಮದಲ್ಲಿ ಮುಳುಗು ಹಾಕುವುದು, ಎಲ್ಲ ಲೆನ್ಸ್ ತೆಗೆದ ಮೇಲೆ. ಎಂಜಲು ಹಚ್ಚುವವರೂ ಇದ್ದಾರೆ. ನಾನು ಕಾಲೇಜಿನಲ್ಲಿ ಮಾಡಿದ್ದೇನೆ. ಹೇಸಿಗೆ.

ತಿಂಗಳ ಲೆನ್ಸ್ ಆದರೆ, ತೆಗೆದ ಕೂಡಲೇ ಅಂಗೈಯಲ್ಲಿ ಸೊಲ್ಯೂಷನ್ ಹಾಕಿ ಎರಡೂ ಮಗ್ಗಲು ಇಪ್ಪತ್ತು ಸೆಕೆಂಡ್ ಉಜ್ಜಿ, ಜಾಲಿಸಿ, ಹೊಸ ಸೊಲ್ಯೂಷನ್‌ನಲ್ಲಿ ನೆನೆಸಿ. ನಿನ್ನೆಯದ್ದರ ಮೇಲೇ ಸುರಿಯಬೇಡಿ, ಅದು ಸೋಸಿದ ಚಹಾಪುಡಿಗೇ ಮತ್ತೆ ನೀರು ಹಾಕಿದ ಹಾಗೆ. ಬೆಳಿಗ್ಗೆ ಡಬ್ಬಿ ಖಾಲಿ ಮಾಡಿ, ಸೊಲ್ಯೂಷನ್‌ನಿಂದಲೇ ಜಾಲಿಸಿ, ಬೋರಲು ಹಾಕಿ ಒಣಗಿಸಿ. ಮೂರು ತಿಂಗಳಿಗೊಮ್ಮೆ ಹೊಸ ಡಬ್ಬಿ. ಸೊಲ್ಯೂಷನ್ ಬಾಟಲಿ ತೆರೆದ ದಿನಾಂಕ ಪೆನ್ನಿನಲ್ಲಿ ಬರೆದಿಡಿ, ಎಷ್ಟು ದಿನ ಬಳಸಬಹುದು ಅಂತ ಅದರ ಮೇಲೇ ಇರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಥರದ್ದಾದರೆ ನೇರವಾಗಿ ಕಣ್ಣಿಗೆ ತಾಗಿಸಬೇಡಿ, ಸುಡುತ್ತದೆ. ಅದರ ಜೊತೆ ಬರುವ ಡಬ್ಬಿಯಲ್ಲೇ ಆರು ತಾಸು ಇಡಬೇಕು.

ಮತ್ತೆ, ನಿದ್ದೆ. ಲೆನ್ಸ್ ಹಾಕಿ ಮಲಗುವವರಿಗೆ ಸೋಂಕಿನ ಅಪಾಯ ಆರರಿಂದ ಎಂಟು ಪಟ್ಟು ಜಾಸ್ತಿ. ನಾನು ಒಂದು ಸಲ ಬಾಗಲಕೋಟೆಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹಾಗೇ ಮಲಗಿಬಿಟ್ಟೆ. ಬೆಳಿಗ್ಗೆ ಒಣಗಿ ಅಂಟಿದ್ದನ್ನು ಎಳೆದು ಗೀರಿಕೊಂಡು, ಎರಡು ದಿನ ಕಣ್ಣಿಗೆ ಪಟ್ಟಿ. ಇಂಟರ್‌ವ್ಯೂ ಕೊಡಲು ಹೋದವಳು ಕತ್ತಲೆ ಕೋಣೆಯಲ್ಲಿ ಕೂತು ಬಂದೆ.

ಮದುವೆ ದಿನದ ಲೆಕ್ಕ

ನಮ್ಮ ಕಡೆಯ ಮದುವೆಗೆ ಲೆನ್ಸ್ ಹೊಂದಿಸುವುದು ಒಂದು ಕಲೆ. ಅರಿಶಿನ ಹಚ್ಚುವಾಗ ಬೇಡ. ಸುರಗಿ ನೀರು ಹಾಕುವಾಗ ಅಂತೂ ಬೇಡವೇ ಬೇಡ, ತಲೆ ಮೇಲಿಂದಲೇ ನೀರು. ಹೋಮದ ಹೊಗೆಯಲ್ಲಿ ಕೂರುವಾಗಲೂ ಬೇಡ ಅಂತ ನನ್ನ ಅಭಿಪ್ರಾಯ. ಅಕ್ಕಿಕಾಳು ಹಾಕುವಾಗ ಹಿಂದಿನ ಸಾಲಿನ ಹುಡುಗರು ಗುರಿ ಇಟ್ಟು ಎಸೆಯುತ್ತಾರಲ್ಲ, ಅಕ್ಕಿಗೆ ಅರಿಶಿನ-ಕುಂಕುಮ ಬೇರೆ ಹಚ್ಚಿರುತ್ತದೆ. ಹಾಗಾದರೆ ಉಳಿದದ್ದು ರಿಸೆಪ್ಷನ್. ಅಲ್ಲಿ ಹಾಕಿ. ಫೋಟೊದಲ್ಲಿ ಕಣ್ಣು ಕಾಣುವುದೂ ಅಲ್ಲೇ, ಮಂಟಪದಲ್ಲಿ ಹೇಗಿದ್ದರೂ ತಲೆ ತಗ್ಗಿಸಿರುತ್ತೀರಿ.

ಮೆಹಂದಿಯ ವಿಷಯ ಮರೆಯಬೇಡಿ. ಕೋನ್‌ಗೆ ನೀಲಗಿರಿ ಎಣ್ಣೆ ಹಾಕಿರುತ್ತಾರೆ, ಕೈಯಲ್ಲಿ ಉಳಿದದ್ದು ಕಣ್ಣಿಗೆ ಚೆನ್ನಾಗಿ ಉರಿಯುತ್ತದೆ. ಆದ್ದರಿಂದ ಹಾಕಿ ತೆಗೆಯುವ ಅಭ್ಯಾಸವನ್ನು ಮೆಹಂದಿಗೆ ಮುಂಚೆಯೇ, ಒಂದೆರಡು ತಾಸಿನಿಂದ ಶುರು ಮಾಡಿ ಮುಗಿಸಿ. ಮೊದಲು ಲೆನ್ಸ್, ಆಮೇಲೆ ಮೇಕಪ್. ತೆಗೆಯುವಾಗ ಮೊದಲು ಲೆನ್ಸ್, ಆಮೇಲೆ ಮೇಕಪ್. ಕಾಡಿಗೆ ರೆಪ್ಪೆಯ ಒಳಅಂಚಿಗೆ ಬೇಡ, ಹೊರಗೆ ತೀಡಿ. ಹೇರ್ ಸ್ಪ್ರೇ ಹೊಡೆಯುವುದನ್ನು ಲೆನ್ಸ್‌ಗೆ ಮುಂಚೆ ಮುಗಿಸಲು ಹೇಳಿ. ನಂಬಿಕೆಯ ಒಬ್ಬ ವೈನಿಯ ಪರ್ಸಿನಲ್ಲಿ ಡ್ರಾಪ್ಸ್, ಖಾಲಿ ಡಬ್ಬಿ, ಸೊಲ್ಯೂಷನ್, ನಿಮ್ಮ ಕನ್ನಡಕ ಇರಲಿ.

ಬಾಗಲಕೋಟೆಯ ಹೋಳಿ ಹಬ್ಬಕ್ಕೆ ಬರುವವರಿಗೂ ಒಂದು ಮಾತು. ಬಂಡಿ, ಟ್ರ್ಯಾಕ್ಟರ್ ಮೇಲೆ ಬ್ಯಾರೆಲ್ ಇಟ್ಟುಕೊಂಡು ಬಣ್ಣ ಎರಚುವ ಊರು ಇದು. ಹಲಗೆ ಸದ್ದು ಕೇಳಿದ ಕೂಡಲೇ ಲೆನ್ಸ್ ತೆಗೆದಿಡಿ. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಎರಚುವ ಅರಿಶಿನ ಪುಡಿ, ಅಂದರೆ ಭಂಡಾರಕ್ಕೂ ಇದೇ ಮಾತು. ಆ ಪುಡಿ ಲೆನ್ಸ್ ಅಡಿ ಸೇರಿದರೆ ಮರಳು ಕಾಗದ ಇಟ್ಟು ಉಜ್ಜಿದ ಹಾಗೆ. ಕಬ್ಬಿನ ರವದಿ (ಒಣಗಿದ ಗರಿ) ಸುಡುವ ದಿನಗಳಲ್ಲಿ ಬೈಕ್ ಮೇಲೆ ಹೋದರೆ ಹೆಲ್ಮೆಟ್ ಗಾಜು ಇಳಿಸಿಕೊಳ್ಳಿ.

ಕಣ್ಣು ಕೆಂಪಾದರೆ

ಕೆಂಪು, ನೋವು, ಬೆಳಕು ನೋಡಲು ಆಗದಿರುವುದು, ನೀರು ಸುರಿಯುವುದು, ಮಂಜು ಮಂಜು, ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ. ಇದರಲ್ಲಿ ಒಂದು ಕಂಡರೂ ಲೆನ್ಸ್ ತೆಗೆಯಿರಿ, ಅದೇ ದಿನ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ನಾಳೆ ಅಲ್ಲ. ಲೆನ್ಸ್ ಹಾಕುವವರಲ್ಲಿ ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಹುಣ್ಣು ಮಾಡಿದರೆ ಒಂದೆರಡು ದಿನದಲ್ಲೇ ಕಾರ್ನಿಯಾ ಕರಗುವಷ್ಟು ಜೋರಾಗಿರುತ್ತದೆ. ವಾಸಿ ಆದರೂ ಕಲೆ ಉಳಿಯಬಹುದು. ಹಳ್ಳಿ ಕಡೆ ಕಣ್ಣಿಗೆ ಹೂ ಬಿದ್ದಿದೆ ಅಂತಾರಲ್ಲ, ಅದು ಇಂಥ ಕಲೆಯೇ. ನಡುವೆ ಬಿದ್ದರೆ ಕಾರ್ನಿಯಾ ಬದಲಿಸುವ ಆಪರೇಷನ್ ತನಕ ಹೋಗುತ್ತದೆ.

ಮೆಡಿಕಲ್ ಅಂಗಡಿಗೆ ಹೋಗಿ "ಕಣ್ಣ ಕೆಂಪಗ ಆಗ್ಯಾವ್ರಿ, ಒಂದ ಡ್ರಾಪ್ಸ್ ಕೊಡ್ರಿ" ಅನ್ನಬೇಡಿ. ಕೊಡುವುದರಲ್ಲಿ ಸ್ಟೀರಾಯ್ಡ್ ಇದ್ದರೆ ಎರಡು ದಿನ ಕೆಂಪು ಇಳಿದ ಹಾಗೆ ಕಾಣುತ್ತದೆ, ಒಳಗೆ ಬೂಷ್ಟಿನ ಸೋಂಕೋ ಅಮೀಬಾವೋ ಇದ್ದರೆ ಅದು ಹಬ್ಬ ಮಾಡುತ್ತದೆ. ಎದೆಹಾಲು, ಜೇನು, ಹರಳೆಣ್ಣೆಯೂ ಬೇಡ. ಅಜ್ಜಿಗೆ ಬೇಜಾರಾಗದ ಹಾಗೆ ಹೇಳಿ, ಆದರೆ ಹಾಕಿಸಿಕೊಳ್ಳಬೇಡಿ. ಜಿಲ್ಲಾಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಇರುತ್ತದೆ. ಹೋಗುವಾಗ ಆ ಲೆನ್ಸ್, ಡಬ್ಬಿ, ಸೊಲ್ಯೂಷನ್ ಬಾಟಲಿ ಎಲ್ಲ ತಗೊಂಡು ಹೋಗಿ, ಯಾವ ಕ್ರಿಮಿ ಅಂತ ಪರೀಕ್ಷೆ ಮಾಡಲು ಅವು ಬೇಕಾಗುತ್ತವೆ.

ತಂಗಿಯ ಕಣ್ಣಿಗೆ ಏನೂ ಆಗಲಿಲ್ಲ. ರಿಸೆಪ್ಷನ್‌ನಲ್ಲಿ ಮೂರೂವರೆ ತಾಸು ಹಾಕಿಕೊಂಡಳು, ಊಟಕ್ಕೆ ಮುಂಚೆ ತೆಗೆಸಿದೆ. ಬಿಸಾಡಲು ಮನಸ್ಸಿಲ್ಲ ಅವಳಿಗೆ. "ಅಕ್ಕಾ, ಇಷ್ಟ ರೊಕ್ಕ ಕೊಟ್ಟೇವಿ, ನೀರಾಗ ಇಟ್ಟ ಮುಂದಿನ ವಾರ ಹಾಕ್ಕೋತೀನಿ" ಅಂದಳು. ಇಷ್ಟು ದಿನ ಹೇಳಿದ್ದೆಲ್ಲ ಎಲ್ಲಿ ಹೋಯಿತೋ! ಉಡುಗೊರೆ ಬಿಚ್ಚಲು ತಂದಿದ್ದ ಕತ್ತರಿ ಅಲ್ಲೇ ಇತ್ತು. ಎರಡೂ ಲೆನ್ಸ್ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ.